ಶಾರದತ್ತೆಯ ನಿದ್ದೆ

ಮೊನ್ನೆ ಶಿವಮೊಗ್ಗದ ವಿನೋಬನಗರದ ಮೆಡಿಕಲ್ ಶಾಪಿನಲ್ಲಿ ನನ್ನ ಮುಂದಿದ್ದ ಹೆಂಗಸೊಬ್ಬರು, "ಚೀಟಿ ಮರೆತು ಬಂದೆ, ನಿದ್ದೆ ಮಾತ್ರೆ ಇವತ್ತಿಗಾಗೋಷ್ಟು ಕೊಡಿ" ಎಂದು ಮೆತ್ತಗೆ ಕೇಳುತ್ತಿದ್ದರು. ಆ ದನಿಗೆ ನನಗೆ ಭದ್ರಾವತಿ ಓಲ್ಡ್ ಟೌನಿನ ಶಾರದತ್ತೆ ನೆನಪಾದರು.

ಅತ್ತೆ ಎಂದರೆ ನಮ್ಮಪ್ಪನ ತಂಗಿ. ಹೈಸ್ಕೂಲಿನಲ್ಲಿ ಸಂಸ್ಕೃತ ಕಲಿಸಿ ನಿವೃತ್ತರಾದವರು. ನನಗೂ ಕಲಿಸಲು ಹೋಗಿ ಸೋತವರು. ಇವತ್ತಿಗೂ 'ರಾಮಃ ರಾಮೌ' ದಾಟಿದರೆ ನನಗೆ ಏದುಸಿರು. ಎದುರುಮನೆಯ ಬಸವರಾಜಣ್ಣನಿಗೆ ಬಟ್ಟೆ ಅಂಗಡಿ ಇತ್ತು, ಕುಡಿತವೂ ಇತ್ತು. ಅವರು ತೂರಾಡುತ್ತಾ ಬಂದರೆ ಅತ್ತೆ, "ಎಂಥಾ ಮನೆತನ, ಹೀಗಾ ಆಗೋದು!" ಎಂದು ಮುಖ ತಿರುಗಿಸುತ್ತಿದ್ದರು.

ಮಾವ ತೀರಿಕೊಂಡಾಗ ಅತ್ತೆಗೆ ನಿದ್ದೆಯೇ ಹೋಯಿತು. ಡಾಕ್ಟರು ಸ್ವಲ್ಪ ದಿನಕ್ಕೆಂದು ಬರೆದುಕೊಟ್ಟ ಮಾತ್ರೆಯನ್ನು ಅವರು ಬಿಡಲೇ ಇಲ್ಲ. ಒಂದು ಇದ್ದದ್ದು ಎರಡಾಯಿತು, ಆಮೇಲೆ ಮಧ್ಯಾಹ್ನಕ್ಕೂ ಬೇಕಾಯಿತು. ನಾವ್ಯಾರೂ ಅದನ್ನು ಚಟ ಎನ್ನಲಿಲ್ಲ. ಚಟ ಎಂದರೆ ಬಾಯಿ ನಾರಬೇಕು, ಬೀದಿಯಲ್ಲಿ ರಂಪವಾಗಬೇಕು ಅಂದುಕೊಂಡಿದ್ದೆವು. ಅತ್ತೆಯ ಹತ್ತಿರ ಕೂತರೆ ಬರುತ್ತಿದ್ದದ್ದು ಕರ್ಪೂರದ ಪರಿಮಳ, ಅಷ್ಟೆ. ನಿಮ್ಮ ಮನೆಯಲ್ಲೂ ಇಂಥವರೊಬ್ಬರು ಇರಬಹುದು, ನೋಡಿ.

ಒಂದು ಬೆಳಗ್ಗೆ ಮಾತ್ರೆಯ ಮಂಪರಿನಲ್ಲಿ ಬಚ್ಚಲಲ್ಲಿ ಜೋಲಿ ತಪ್ಪಿ ಬಿದ್ದರು. ಶಿವಮೊಗ್ಗದ ಡಾಕ್ಟರು ವಿಷಯವನ್ನು ಮುಚ್ಚುಮರೆಯಿಲ್ಲದೆ ಹೇಳಿದರು: "ಇದು ಚಟವಾಗಿದೆ. ಆದ್ರೆ ಒಂದೇ ಸಲಕ್ಕೆ ನಿಲ್ಲಿಸಿದ್ರೆ ಜೀವಕ್ಕೇ ಅಪಾಯ. ನಿಧಾನವಾಗಿ ಕಡಿಮೆ ಮಾಡೋಣ."

"ನಾನೇನು ಕುಡುಕಿಯೇನೋ?" ಎಂದು ಅತ್ತೆ ದಾರಿಯುದ್ದಕ್ಕೂ ನನ್ನ ಮೇಲೆ ರೇಗಿದರು. ಮಾತ್ರೆ ಕಡಿಮೆಯಾದಂತೆ ಕೈ ನಡುಗತೊಡಗಿತು. ಲೋಟ ಹಿಡಿಯಲಾಗದೆ ಯಾರೆದುರಿಗೂ ಕಾಫಿ ಕುಡಿಯುವುದನ್ನೇ ಬಿಟ್ಟರು.

ಅಷ್ಟರಲ್ಲಿ ಬಸವರಾಜಣ್ಣ ಚಿಕಿತ್ಸೆ ತೆಗೆದುಕೊಂಡು ಕುಡಿತ ಬಿಟ್ಟಿದ್ದರು. ಒಂದು ಸಂಜೆ ಅತ್ತೆಯನ್ನು ನೋಡಲು ಬಂದು ಬಾಗಿಲಲ್ಲೇ ನಿಂತರು.

"ಟೀಚರೇ, ಬಿಡುವಾಗ ನಂಗೂ ಕೈ ಹಿಂಗೇ ನಡುಗ್ತಿತ್ತು. ಇದು ಹೋಗತ್ತೆ. ನಾಚ್ಕೆ ಪಟ್ಕೋಬೇಡಿ."

ಅತ್ತೆ ಬೈಯುತ್ತಾರೆಂದು ನಾನು ಹೆದರಿದೆ. ಅವರು ಸೆರಗಿನಿಂದ ಕಣ್ಣೊರೆಸಿಕೊಂಡು, "ಒಳಗೆ ಬನ್ನಿ ಬಸವರಾಜಣ್ಣ" ಎಂದರು. ಅಷ್ಟು ವರ್ಷದ ನೆರೆಹೊರೆಯಲ್ಲಿ ಅವರನ್ನು ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಆಮೇಲೆ ಬಸವರಾಜಣ್ಣ, ಅವರ ಹೆಂಡತಿ ಇಬ್ಬರೂ ಸಂಜೆ ಬಂದು ಹರಟಿ ಹೋಗುತ್ತಿದ್ದರು. ಎಷ್ಟೋ ತಿಂಗಳು ಹಿಡಿದು ಮಾತ್ರೆ ಪೂರ್ತಿ ನಿಂತಿತು. ಬರುತ್ತಿದ್ದದ್ದು ಕೋಳಿನಿದ್ದೆ. "ಆದರೂ ಅದು ನನ್ನದೇ ನಿದ್ದೆ ಕಣೋ" ಎನ್ನುತ್ತಿದ್ದರು ಅತ್ತೆ.

ಮೊನ್ನೆ ಮೆಡಿಕಲ್ ಶಾಪಿನಿಂದ ಹೊರಬಂದವನೇ ಅತ್ತೆಗೆ ಫೋನ್ ಮಾಡಿದೆ.

"ಆಮೇಲೆ ಮಾಡೋ ಮಾರಾಯ. ಬಸವರಾಜಣ್ಣ ನಿನ್ನೆ ಮತ್ತೆ ಕುಡಿದುಬಿಟ್ಟಿದಾರೆ. ಅಂಗಡಿಗೂ ಹೋಗದೆ ಮುಖ ಮುಚ್ಕೊಂಡು ಕೂತಿದಾರೆ. ನಾನು ಅವರ ಮನೇಲೇ ಇದೀನಿ."

"ಅಲ್ಲಿ ನೀವೇನು ಮಾಡ್ತೀರಿ ಅತ್ತೆ?"

"ಏನೂ ಇಲ್ಲ. ಪಕ್ಕದಲ್ಲಿ ಕೂತಿದೀನಿ."

ನಾನು ಮನೆಗೆ ಹೋಗಲಿಲ್ಲ. ಭದ್ರಾವತಿ ಬಸ್ಸು ಹತ್ತಿದೆ.