ಅಜ್ಜಿಯ ತವರಿನ ದೂರ

ಕುಸುಬಿ ಎಣ್ಣೆಯ ವಾಸನೆ ಬಂದರೆ ಉಳಿದವರಿಗೆ ಅಡುಗೆಮನೆ ನೆನಪಾಗುತ್ತದೆ, ನನಗೆ ಅಪ್ಪನ ಸೈಕಲ್ಲಿನ ಚೈನು. ಶನಿವಾರ ಸಂಜೆ ಕಚೇರಿಯಿಂದ ಬಂದವನೇ ಅಪ್ಪ ಸೈಕಲ್ಲನ್ನು ಅಂಗಳದಲ್ಲಿ ತಲೆಕೆಳಗಾಗಿ ನಿಲ್ಲಿಸಿ, ಅವ್ವನಿಗೆ ಕಣ್ಣುಸನ್ನೆ ಮಾಡಿ, ಬಟ್ಟಲಲ್ಲಿ ಒಂದಿಷ್ಟು ಎಣ್ಣೆ ತರಿಸಿಕೊಳ್ಳುತ್ತಿದ್ದ. ಕೋಳಿಪುಕ್ಕದ ತುದಿಯಿಂದ ಅದನ್ನು ಚೈನಿಗೆ ಸವರುತ್ತಾ ಪೆಡಲು ತಿರುವಿದರೆ ಕಿರಗುಟ್ಟುವ ಸದ್ದು ನಿಧಾನವಾಗಿ ಅಡಗುತ್ತಿತ್ತು. ಒಳಗಿನಿಂದ ಅಜ್ಜಿ, ಉಣ್ಣುವ ಎಣ್ಣೆಯನ್ನು ಕಬ್ಬಿಣಕ್ಕೆ ಕುಡಿಸುವ ಮಗನನ್ನು ಹೆತ್ತ ತನ್ನ ಹೊಟ್ಟೆಗೇ ಬೈದುಕೊಳ್ಳುತ್ತಿದ್ದಳು. ಜಮಖಂಡಿಯ ಆ ಮಾಳಿಗೆ ಮನೆ ಈಗಿಲ್ಲ. ಅಲ್ಲಿ ಸಾಲಾಗಿ ಅಂಗಡಿಗಳಾಗಿವೆ. ನಿಮ್ಮ ಮನೆಯಿದ್ದ ಜಾಗದಲ್ಲೂ ಈಗ ಇಂಥದ್ದೇ ಏನೋ ಇರಬಹುದು, ಬಿಡಿ.

ಅಪ್ಪನಿಗೆ ಊರು ನೋಡುವ ಹುಚ್ಚು. ಭಾನುವಾರ ಬೆಳಕು ಹರಿಯುವ ಮೊದಲೇ ನನ್ನನ್ನು ಹಿಂದಿನ ಕ್ಯಾರಿಯರಿನ ಮೇಲೆ ಕೂರಿಸಿಕೊಂಡು ಹೊರಟುಬಿಡುತ್ತಿದ್ದ. ತೇರದಾಳದ ಬಸದಿ, ಚಿಮ್ಮಡದ ದಾರಿ, ಬನಹಟ್ಟಿಯ ಓಣಿಗಳಲ್ಲಿ ಮನೆಮನೆಯಿಂದ ಕೇಳುವ ಮಗ್ಗದ ಸದ್ದು, ಯಾವುದೋ ಹಳ್ಳಿಯ ಮುರುಕು ಅಗಸೆಬಾಗಿಲು, ಹೊಲದ ಬದುವಿನಲ್ಲಿ ವಾಲಿ ನಿಂತ ವೀರಗಲ್ಲು, ಏನಾದರೂ ಸರಿಯೇ. ಪ್ರತಿ ಊರಿನಲ್ಲೂ ಎತ್ತರದ ಒಂದು ಜಾಗ ಹುಡುಕಿ ಹತ್ತಿ, ಬಂದ ದಾರಿ ಯಾವುದು, ಮುಂದಿನ ಊರು ಯಾವುದು ಎಂದು ನನ್ನಿಂದ ಹೇಳಿಸದೆ ಕೆಳಗಿಳಿಯುತ್ತಿರಲಿಲ್ಲ. ಆಮೇಲೆ ಯಾರದಾದರೂ ಕಟ್ಟೆಯ ಮೇಲೆ ಕೂತರೆ ಬೆಲ್ಲ, ತಂಬಿಗೆ ತುಂಬ ನೀರು ತಾನಾಗಿಯೇ ಬರುತ್ತಿತ್ತು. ಅದರ ಹಿಂದೆಯೇ ಒಂದು ಪ್ರಶ್ನೆಯೂ ಬರುತ್ತಿತ್ತು.

"ವರಾ ನೋಡಾಕ ಬಂದೀರೇನ್ರಿ, ರಾಯರ?"

ಹೆಣ್ಣುಮಗಳನ್ನು ಸೈಕಲ್ ಮೇಲೆ ಕೂರಿಸಿಕೊಂಡು ಊರೂರು ತಿರುಗುವ ಗಂಡಸಿಗೆ ಬೇರೆ ಕೆಲಸವಾದರೂ ಏನಿದ್ದೀತು? ಊರು ನೋಡಲು ಬಂದಿದ್ದೇವೆ ಎಂದು ಅಪ್ಪ ಹೇಳಿದರೆ ಯಾರೂ ನಂಬುತ್ತಿರಲಿಲ್ಲ. ಈ ಊರಲ್ಲಿ ನೋಡುವುದೇನಿದೆ ಎಂದು ನಕ್ಕು, ಯಾವ ಮನೆಯಲ್ಲಿ ಎಂಥ ಹುಡುಗನಿದ್ದಾನೆ ಎಂಬುದನ್ನು ಕೇಳದಿದ್ದರೂ ಹೇಳಿ ಕಳಿಸುತ್ತಿದ್ದರು. ಹೋಗುತ್ತಾ ಹೋಗುತ್ತಾ ಆ ಹುಡುಗರಿಗೆಲ್ಲ ಅಡ್ಡ ಹೆಸರಿಡುವುದು ನನ್ನ ಆಟವಾಗಿತ್ತು.

ಆಟ ಒಂದು ದಿನ ಮನೆಗೇ ಬಂತು. ತೇರದಾಳದ ಕಡೆಯಿಂದ ಒಬ್ಬ ಹಿರಿಯರು ಬಂದು ನಮ್ಮ ಪಡಸಾಲೆಯಲ್ಲಿ ಕೂತು, ಸೈಕಲ್ಲಿನ ಮೇಲೆ ಕಂಡ ಹುಡುಗಿಯನ್ನು ಮೊಮ್ಮಗನಿಗೆ ಕೇಳಿದರು. ನಾನಾಗ ಏಳನೆಯ ಇಯತ್ತೆ. ಅಪ್ಪ ಕೈಮುಗಿದು, ಹುಡುಗಿ ಇನ್ನೂ ಓದಬೇಕು ಎಂದು ಕಳಿಸಿಕೊಟ್ಟ. ಆದರೆ ಅಜ್ಜಿ ಎಚ್ಚೆತ್ತಳು. ಹುಡುಗಿ ದೊಡ್ಡವಳಾಗಲು ಬಂದಿದ್ದಾಳೆ, ಊರ ಮಂದಿಯ ಕಣ್ಣಿಗೆ ಬಿದ್ದಿದ್ದಾಳೆ, ಇನ್ನು ತಿರುಗಾಟ ಸಾಕು ಎಂದಳು. ಎಳೆ ವಯಸ್ಸಿನಲ್ಲೇ ಮದುವೆಯಾಗಿ, ಎಳೆ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು, ಬೋಳುತಲೆಯ ಮೇಲೆ ಕೆಂಪು ಸೀರೆಯ ಸೆರಗು ಹೊದ್ದು ಆ ಮನೆ ಆಳಿದವಳು ಆಕೆ. ಆಕೆಯ ಮಾತು ಮೀರುವ ಧೈರ್ಯ ಅಪ್ಪನಿಗಿರಲಿಲ್ಲ. ನಾನು ಅತ್ತೆ, ಊಟ ಬಿಟ್ಟೆ, ಯಾವುದೂ ನಡೆಯಲಿಲ್ಲ. ಮುಂದಿನ ಭಾನುವಾರ ಅಪ್ಪ ಒಬ್ಬನೇ ಹೋಗಿ ಮಧ್ಯಾಹ್ನದೊಳಗೇ ತಿರುಗಿ ಬಂದ. ಏನು ನೋಡಿದೆ ಎಂದು ಕೇಳಿದರೆ ಗಾಳಿ ಜೋರಿತ್ತು ಎಂದಷ್ಟೇ ಹೇಳಿದ. ಆಮೇಲೆ ಸೈಕಲ್ಲು ಕಚೇರಿಗೆ ಮಾತ್ರ ಹೋಗತೊಡಗಿತು. ನನಗೆ ಅಜ್ಜಿಯ ಮೇಲೆ ಬಂದ ಸಿಟ್ಟು ಸಣ್ಣದಲ್ಲ.

ಅದೇ ವರ್ಷ ಆಲಮಟ್ಟಿಯ ಡ್ಯಾಮಿನ ಮಾತು ಬಲವಾಯಿತು. ಬೀಳಗಿಯ ಕಡೆ ಹೊಳೆದಂಡೆಯ ಯಾವ ಯಾವ ಊರು ಮುಳುಗಡೆಯಾಗುತ್ತದೆ ಎಂದು ಕಚೇರಿಯಲ್ಲಿ ಕೇಳಿದ್ದನ್ನು ಅಪ್ಪ ಊಟಕ್ಕೆ ಕೂತಾಗ ಹೇಳಿದ. ಅದರಲ್ಲಿ ಅಜ್ಜಿಯ ತವರೂರೂ ಇತ್ತು. ಮದುವೆಯಾದ ಮೇಲೆ ಆಕೆ ಅಲ್ಲಿಗೆ, ಹೆಣ್ಣುಮಕ್ಕಳನ್ನು ತವರಿಗೆ ಕರೆಯುವ ನಾಗರಪಂಚಮಿಗೆ, ಒಂದೇ ಒಂದು ಸಲ ಹೋಗಿ ಬಂದಿದ್ದಳಂತೆ. ಮತ್ತೆ ಕೇಳಿದಾಗಲೆಲ್ಲ ಅತ್ತೆಮನೆಯವರು ದೂರ ಎಂದರು. ತಾಯಿ ಹಾಸಿಗೆ ಹಿಡಿದಿದ್ದಾಳೆ ಎಂದು ಸುದ್ದಿ ಬಂದಾಗಲೂ, ಅಷ್ಟು ದೂರ ಹೋಗಿ ಮುಟ್ಟುವುದರೊಳಗೆ ಎಲ್ಲ ಮುಗಿದಿರುತ್ತದೆ ಎಂದು ಕಳಿಸಲಿಲ್ಲ. ಆಮೇಲೆ ತವರಿನವರು ಮಿರಜಿನ ಕಡೆ ಹೋಗಿ ನೆಲೆಸಿದರು, ಕರೆಯುವವರೂ ಉಳಿಯಲಿಲ್ಲ. ಆ ಊರಿನ ಬದಿಯಿಂದ ಅಪ್ಪ ಎಷ್ಟೋ ಸಲ ಹಾದು ಹೋಗಿದ್ದ. ಆಕೆ ಕೇಳಿರಲಿಲ್ಲ, ಇವನು ಹೇಳಿರಲಿಲ್ಲ. ಹಳೆಯ ಮನೆಗಳಲ್ಲಿ ಹೀಗೆಯೇ ನಡೆಯುತ್ತಿತ್ತು.

ಕೆಲವು ದಿನ ಅಜ್ಜಿ ಯಾರಿಗೂ ಬೈಯಲಿಲ್ಲ. ಅದೇ ನಮಗೆಲ್ಲ ಹೆದರಿಕೆಯಾಯಿತು. ಕೊನೆಗೆ ಒಂದು ಮುಂಜಾನೆ, ನೀರು ಬರುವ ಮೊದಲು ನನಗೊಮ್ಮೆ ಊರು ತೋರಿಸು ಎಂದು ಅಪ್ಪನನ್ನು ಕೇಳಿದಳು. ಅಪ್ಪ ಚಕ್ಕಡಿ ಹೂಡಿಸುತ್ತೇನೆ ಎಂದ.

"ಚಕ್ಕಡಿ ಬ್ಯಾಡ," ಎಂದಳು ಅಜ್ಜಿ. "ಪರದೆ ಕಟ್ಟಿದ ಚಕ್ಕಡ್ಯಾಗ ಕೂತು ಬಂದಾಕಿ ನಾ. ಹಾದಿ ಹೆಂಗದ ಅಂತನಽ ನನಗ ಗೊತ್ತಿಲ್ಲ."

ಹಾಗಾಗಿ ಅಜ್ಜಿ ಸೈಕಲ್ ಹತ್ತಿದಳು. ಏರುವಾಗ ಇಳಿಯುವಾಗ ಹಿಡಿದುಕೊಳ್ಳಲು ಇನ್ನೊಬ್ಬರು ಬೇಕಿತ್ತಾದ್ದರಿಂದ, ಅಪ್ಪನ ಸೈಕಲ್ಲಿನಲ್ಲೇ ತುಳಿಯಲು ಕಲಿತಿದ್ದ ನನಗೂ ಒಂದು ಬಾಡಿಗೆ ಸೈಕಲ್ ಸಿಕ್ಕಿತು. ಕ್ಯಾರಿಯರಿಗೆ ಕೌದಿ ಮಡಚಿ ಕಟ್ಟಿ, ಅದರ ಮೇಲೆ ಆಕೆಯನ್ನು ಕೂರಿಸಿ ಹೊರಟಾಗ ನಮ್ಮ ಓಣಿಯ ಹೆಂಗಸರು ಬಾಗಿಲಿಗೆ ಬಂದು ನಿಂತರು. ಅಜ್ಜಿ ಸೆರಗನ್ನು ಹಣೆಯವರೆಗೆ ಎಳೆದುಕೊಂಡು ಅಪ್ಪನ ಅಂಗಿ ಹಿಡಿದಿದ್ದಳು. ಊರು ದಾಟಿದ ಮೇಲೆ ಸೆರಗು ಹಿಂದಕ್ಕೆ ಸರಿಯಿತು. ಕಬ್ಬಿನ ಹೊಲ, ಬೇವಿನ ಸಾಲು, ಕುರಿಗಳ ಹಿಂಡು, ಎಲ್ಲವನ್ನೂ ಆಕೆ ನೋಡಿದಳು. ಯಾವುದಾದರೂ ಊರು ಕಂಡರೆ ನಾನು ಹೆಸರು ಹೇಳುತ್ತಿದ್ದೆ. ಇಕಿಗೆ ಎಲ್ಲ ಗೊತ್ತಲ್ಲೋ ಎಂದು ಅಜ್ಜಿ ಅಪ್ಪನಿಗೆ ಹೇಳಿದ್ದು ಕೇಳಿ ನನ್ನ ಸಿಟ್ಟು ಅರ್ಧ ಇಳಿಯಿತು.

ತವರಿನ ಮನೆಯ ಗೋಡೆಗಳಷ್ಟೇ ಉಳಿದಿದ್ದವು. ಅಜ್ಜಿ ಅಳಲಿಲ್ಲ. ಒಲೆಯಿದ್ದ ಮೂಲೆ ತೋರಿಸಿದಳು, ಹೊಳೆಗೆ ಇಳಿದು ಕಾಲು ತೊಳೆದುಕೊಂಡಳು. ಪಕ್ಕದ ಮನೆಯ ಮುದುಕ ಬೆಲ್ಲ ನೀರು ತಂದಿಟ್ಟು, ನನ್ನನ್ನು ನೋಡಿ, ಎಲ್ಲರೂ ಕೇಳುವುದನ್ನೇ ಕೇಳಿದ. ಅಪ್ಪ ಬಾಯಿ ತೆರೆಯುವುದರೊಳಗೆ ಅಜ್ಜಿ, ಹುಡುಗಿ ಊರು ನೋಡಲು ಬಂದಿದ್ದಾಳೆ, ಬೇರೇನೂ ಇಲ್ಲ ಎಂದಳು.

ಹಿಂತಿರುಗುವಾಗ ಅಪ್ಪ ತನ್ನ ಚಾಳಿ ಬಿಡದೆ ನಮ್ಮನ್ನು ಒಂದು ಗುಡ್ಡಕ್ಕೆ ಹತ್ತಿಸಿದ. ಅಜ್ಜಿಯ ಒಂದು ಕೈ ಅಪ್ಪನ ಹೆಗಲ ಮೇಲೆ, ಒಂದು ಕೈ ನನ್ನ ಹೆಗಲ ಮೇಲೆ. ಮೇಲೆ ನಿಂತರೆ ಒಂದು ಕಡೆ ಹೊಳೆ, ಹೊಳೆಯ ತಿರುವಿನಲ್ಲಿ ಈಗಷ್ಟೇ ಬಿಟ್ಟು ಬಂದ ಊರು. ಇನ್ನೊಂದು ಕಡೆ ಬಯಲಿನ ಅಂಚಿನಲ್ಲಿ, ಬಿಸಿಲಿಗೆ ಮಸುಕಾಗಿ, ಜಮಖಂಡಿಯ ರಾಮತೀರ್ಥದ ಗುಡ್ಡ. ಅಪ್ಪ ಎರಡನ್ನೂ ಕೈಮಾಡಿ ತೋರಿಸಿದ. ಅಜ್ಜಿ ಆ ಕಡೆ ನೋಡಿದಳು, ಈ ಕಡೆ ನೋಡಿದಳು, ಮತ್ತೆ ಆ ಕಡೆ ನೋಡಿದಳು.

"ವಾಸ್ಯಾ, ಇಷ್ಟ ಹತ್ರ ಇತ್ತೇನೋ?"

ಮದುವೆಯ ದಿಬ್ಬಣವಿರಲಿ, ಪಂಚಮಿಗೆ ಕರೆಯಲು ಬಂದ ಚಕ್ಕಡಿಯಿರಲಿ, ದಾರಿಯುದ್ದಕ್ಕೂ ನೆಂಟರ ಮನೆಗಳಲ್ಲಿ ಉಂಡು, ಮಲಗಿ, ಮುಂದೆ ಹೋಗುತ್ತಿದ್ದ ಕಾಲ ಅದು. ಪರದೆಯೊಳಗಿನ ಹುಡುಗಿ ಆ ದಿನಗಳನ್ನೆಲ್ಲ ದೂರವೆಂದೇ ತಿಳಿದುಕೊಂಡಿದ್ದಳು. ನಾವು ಹೊರಟದ್ದು ಮುಂಜಾನೆ, ಮುಟ್ಟಿದ್ದು ಬಿಸಿಲೇರುವ ಹೊತ್ತಿಗೆ.

"ಹಂಗಂದ್ರ ಅವ್ವನ್ನ ನೋಡಬಹುದಿತ್ತು," ಎಂದು ಅಜ್ಜಿ ಅಲ್ಲೇ ಕಲ್ಲಿನ ಮೇಲೆ ಕೂತುಬಿಟ್ಟಳು. ಆಗ ಅತ್ತಳು. ಅಷ್ಟು ವಯಸ್ಸಾದವರು ತಾಯಿಗಾಗಿ ಅಳುವುದನ್ನು ನಾನು ಅದೇ ಮೊದಲು ನೋಡಿದ್ದು. ನನಗೆ ಆಕೆಯ ಮೇಲೆ ಸಿಟ್ಟೇ ಉಳಿಯಲಿಲ್ಲ.

ಮನೆಗೆ ಬಂದು ಕಾಲು ತೊಳೆದುಕೊಂಡು ಕೂತ ಮೇಲೆ ಅಜ್ಜಿ ನನ್ನ ಕಡೆ ಕೈಮಾಡಿ, "ಸುಮಿಗೆ ಒಂದು ಸೈಕಲ್ ಕೊಡಸು," ಎಂದಳು ಅಪ್ಪನಿಗೆ. "ಎಲ್ಲೆ ಕೊಟ್ರೂ ತಾನಽ ಬರ್ತಾಳ."

ಭಾನುವಾರಗಳು ಮತ್ತೆ ಶುರುವಾದವು. ನೀರು ಬರುವ ಮೊದಲೇ ಅಜ್ಜಿ ತೀರಿಹೋದಳು. ಆ ಊರು ಈಗ ಹಿನ್ನೀರಿನ ಅಡಿಯಲ್ಲಿದೆ, ಗುಡ್ಡ ಹತ್ತಿದರೆ ಕಾಣುವುದು ನೀರೊಂದೇ. ನನ್ನನ್ನು ಬನಹಟ್ಟಿಗೆ ಕೊಟ್ಟರು. ಪಂಚಮಿಗೆ ಕರೆಯಲು ಯಾರಾದರೂ ಬರಲೆಂದು ನಾನು ಒಮ್ಮೆಯೂ ಕಾಯಲಿಲ್ಲ. ಅಪ್ಪ ಹಾಸಿಗೆ ಹಿಡಿದ ಕೆಲವು ದಿನಗಳಿಗೆ, ಒಂದು ಮುಂಜಾನೆ, ಬೇಗ ಬರಬೇಕಂತೆ ಎಂದು ಸುದ್ದಿ ಬಂತು. ಬಸ್ಸಿಗೆ ಇನ್ನೂ ಹೊತ್ತಿತ್ತು. ಅತ್ತೆಯವರು ಅಷ್ಟು ದೂರ ಒಬ್ಬಳೇ ಹೆಂಗ ಹೋಗ್ತಿ ಎಂದರು. ದೂರ ಇಲ್ರಿ ಎಂದು ಹೇಳಿ ಸೈಕಲ್ ಹತ್ತಿದೆ. ನಾನು ಹೋಗಿ ಮುಟ್ಟಿದಾಗ ಅಪ್ಪನಿಗೆ ಇನ್ನೂ ಎಚ್ಚರವಿತ್ತು. ನನ್ನ ಕೈ ಹಿಡಿದುಕೊಂಡು, ಗಾಳಿ ಜೋರಿತ್ತೇನು ಎಂದು ಕೇಳಿದ.