ಅಮಾವಾಸ್ಯೆಯಂದು ಹೊಸ್ತಿಲು ದಾಟಿದ ಶೆಟ್ಟೆವ್ವ

ನಮ್ಮವ್ವ ಶೆಟ್ಟೆವ್ವನ ಕೈಗೆ ಸಿಕ್ಕ ಬಾಣಂತಿಯ ಪಾಡು ಕೇಳಬೇಡಿ. ಮುರಗೋಡದಲ್ಲಿ ಹಸುಗೂಸುಗಳಿಗೆ ಎಣ್ಣೆ ಹಚ್ಚಿ ಎರೆಯಲು ಎಲ್ಲರೂ ಕರೆಯುವುದು ಅವಳನ್ನೇ. ಅವಳು ಎರೆದು, ಲೋಬಾನದ ಹೊಗೆ ಹಾಕಿ ಮಲಗಿಸಿದರೆ ಕೂಸು ಮಧ್ಯಾಹ್ನದವರೆಗೆ ಮಿಸುಕಾಡುವುದಿಲ್ಲ. ಆದರೆ ತಾಯಂದಿರಿಗೆ ಅವಳು ಪೊಲೀಸಪ್ಪ! ತಣ್ಣೀರು ಮುಟ್ಟುವಂತಿಲ್ಲ, ಕಿವಿಯ ಹತ್ತಿ ತೆಗೆಯುವಂತಿಲ್ಲ. ಅಮಾವಾಸ್ಯೆಯ ದಿನ ಕೂಸನ್ನೆತ್ತಿಕೊಂಡು ಬಾಗಿಲಾಚೆ ಇಣುಕಿದರಂತೂ ಮುಗಿಯಿತು, ಓಣಿಗೆಲ್ಲ ಕೇಳುವಂತೆ ಬೈಗುಳ.

ಅಂಥವಳ ಮಗಳು ನಾನು, ಮೀನಾ. ನನಗೇ ಏಳು ತಿಂಗಳಿಗೆ ಹೆರಿಗೆಯಾಗಬೇಕೇ? ಅಂಗೈಯಷ್ಟು ಕೂಸು ಬೆಳಗಾವಿಯ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿ ಆಕ್ಸಿಜನ್ ಮೇಲೆ ದಿನ ದೂಡಿತು. ಉಳಿಯಿತಲ್ಲ ಎಂದು ದೇವರಿಗೆ ಕೈಮುಗಿದು ತವರಿಗೆ ಹೊರಟಾಗ ಡಾಕ್ಟರು ನನ್ನನ್ನೂ ಅವ್ವನನ್ನೂ ಕೂಡಿಸಿಕೊಂಡು ಹೇಳಿದರು: "ಕಣ್ಣಿನ ಹಿಂದ ಒಂದು ಪರದೆ ಇರ್ತದ. ಅದರ ತುಂಬ ರಕ್ತದ ನಾಳ ಹಬ್ಬೋದು ತಾಯಿ ಹೊಟ್ಟಿಯೊಳಗ, ಕಡೀ ತಿಂಗಳದಾಗ. ಈ ಕೂಸು ಅದಕ್ಕೂ ಮೊದಲ ಬಂದೈತಿ. ಈಗ ಆ ನಾಳ ಅಡ್ಡಾದಿಡ್ಡಿ ಬೆಳದು ಪರದೆ ಜಗ್ಗಿದ್ರ ದೃಷ್ಟಿ ಹೋಗ್ತದ. ಹೊರಗಿಂದ ಏನೂ ತಿಳಿಯಂಗಿಲ್ಲ. ಹೇಳಿದ ದಿನ ತಪ್ಪದ ಪರೀಕ್ಷಾಕ್ಕ ಕರಕೊಂಡು ಬರ್ರಿ."

ಆ ದಿನ ನೋಡಿದರೆ ಅಮಾವಾಸ್ಯೆ! ಅಪ್ಪನ ತಮ್ಮ ಅಂದಾನೆಪ್ಪ ಕಾಕಾ ಬೆಳಿಗ್ಗೆಯೇ ಬಾಗಿಲಿಗೆ ಅಡ್ಡ ಕುಳಿತ. "ಕಣ್ಣು ಹೆಂಗ ಪಿಳಿಪಿಳಿ ಬಿಡತೈತಿ ನೋಡ್ರಿ. ಏನಾಗೇತಿ ಅದಕ್ಕ? ಇಂಥಾ ದಿನ ಹಸಿ ಬಾಣಂತಿನ್ನ ಬಸ್ಸಿನ್ಯಾಗ ಕೂಡಸ್ತೀರೇನು? ಮುಂದಿನ ವಾರ ಹೋದ್ರಾತು."

ನನಗೆ ಸಿಟ್ಟು ನೆತ್ತಿಗೇರಿತು. ಅಮಾವಾಸ್ಯೆಯಂದು ಹೊರಡಕೂಡದೆಂದು ಅವ್ವ ಇವನಿಗಿಂತ ಜೋರಾಗಿ ಕೂಗಾಡುತ್ತಾಳೆ ಎಂದುಕೊಂಡಿದ್ದೆ.

ಅವ್ವ ಕೂಸಿನ ತಲೆಗೆ ಕುಲಾವಿ ಕಟ್ಟಿದಳು, ದುಪ್ಪಟಿ ಸುತ್ತಿದಳು, ನನ್ನ ಕಿವಿಗೆ ಹತ್ತಿ ತುರುಕಿದಳು. "ಏಳ ಮೀನಾ, ಬಸ್ ತಪ್ಪತೈತಿ."

ಕಾಕಾ ಹೌಹಾರಿದ. "ವೈನಿ, ಊರಿಗೆಲ್ಲಾ ಬುದ್ಧಿ ಹೇಳಾಕಿ ನೀವ! ನಾಳೆ ನಿಮ್ಮ ಮಾತು ಯಾರ್ ಕೇಳ್ತಾರ?"

"ಕೇಳದಿದ್ರ ಬಿಡ್ಲಿ. ನನ್ನ ಮಾತು ತಗೊಂಡು ಏನ್ ಮಾಡ್ಲಿ? ಕೂಸಿಗೆ ಕಣ್ಣು ಬೇಕು. ದಾರಿ ಬಿಡೋ!"

ಹಿತ್ತಲ ದಾರಿಯಿತ್ತು, ಅವ್ವ ಅದನ್ನು ಹಿಡಿಯಲಿಲ್ಲ. ತನ್ನಿಂದ ಬೈಸಿಕೊಂಡಿದ್ದ ಹೆಂಗಸರೆಲ್ಲ ಕಸಬರಿಗೆ ಹಿಡಿದಲ್ಲೇ ನಿಂತು ನೋಡುತ್ತಿರುವಾಗ ನಡುಬೀದಿಯಲ್ಲೇ ನಡೆದಳು.

"ಇವತ್ತ ಅಮಾಸಿ ಅಲ್ಲೇನ್ರಿ ಶೆಟ್ಟೆವ್ವಾರ?" ಎಂದು ಒಬ್ಬಳು ಕಿಸಕ್ಕನೆ ನಕ್ಕಳು.

"ಹೌದವಾ, ಅಮಾಸಿನ. ದವಾಖಾನಿಗೆ ಹೊಂಟೇವಿ."

ಆಸ್ಪತ್ರೆಯಲ್ಲಿ ರೆಪ್ಪೆ ಮುಚ್ಚದಂತೆ ಸಣ್ಣ ತಂತಿ ಇಟ್ಟಾಗ ಕೂಸು ಕಿರುಚಿದ್ದು ಕೇಳಲಾರದೆ ನಾನು ಹೊರಗೆ ಓಡಿದೆ. ಅವ್ವ ನರ್ಸಿನ ಪಕ್ಕ ನಿಂತು ತಲೆ ಅಲುಗದಂತೆ ಹಿಡಿದುಕೊಂಡಳು. ರೋಗ ಆಗಲೇ ಜೋರಾಗಿತ್ತು. ಅಂದೇ ಲೇಸರ್ ಮಾಡಿದರು. "ಮುಂದಿನ ವಾರ ಬಂದಿದ್ರ ನನ್ನ ಕೈಯಾಗ ಏನೂ ಉಳೀತಿರಲಿಲ್ಲ" ಎಂದು ಡಾಕ್ಟರು ಅಂದಾಗ ನಾನು ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟೆ. ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡು, "ಏಳು, ಬಾಣಂತಿ ತಂಪ ನೆಲದ ಮ್ಯಾಲ ಕುಂದ್ರಬಾರದು" ಎಂದು ಅಲ್ಲಿಯೂ ಗದರಿದಳು. ನನ್ನವ್ವನ ಮೇಲೆ ಅಂದಿನಷ್ಟು ಅಭಿಮಾನ ನನಗೆ ಎಂದೂ ಬಂದಿರಲಿಲ್ಲ.

ಪರದೆ ಉಳಿಯಿತು. ಆದರೆ ಹೀಗೆ ಬೇಗ ಹುಟ್ಟಿದ ಕೂಸುಗಳ ಕಣ್ಣು ಬೆಳೆಯುವ ರೀತಿಯೇ ಬೇರೆ, ನೋಟ ಮಂಜಾಗಿರಬಹುದು ಎಂದು ಡಾಕ್ಟರು ಅಂದಿದ್ದರು. ಎಷ್ಟು ಕಾಣುತ್ತದೋ ಏನೋ ಎಂಬ ಕೊರಗು ನಮ್ಮನ್ನು ಬಿಟ್ಟಿರಲಿಲ್ಲ. ವರ್ಷ ತುಂಬುವ ಹೊತ್ತಿಗೆ ನನ್ನ ಕೂಸು ಗೌರೀಶನಿಗೆ ರಬ್ಬರ್ ಪಟ್ಟಿಯ ಪುಟ್ಟ ಕನ್ನಡಕ ಬಂತು. ಅವ್ವನ ತೊಡೆಯ ಮೇಲೆ ಕೂರಿಸಿ ಹಾಕಿದೆ.

ಅವನು ಕತ್ತೆತ್ತಿ ಅವ್ವನನ್ನು ನೋಡಿದ. ಸುಕ್ಕು, ಮೂಗುತಿ, ಹಲ್ಲಿಲ್ಲದ ಬಾಯಿ, ಎಲ್ಲವನ್ನೂ ನೋಡಿದ. ನೋಡಿ ಬೆಚ್ಚಿಬಿದ್ದು, ಕಿಟಾರನೆ ಕಿರುಚಿ ನನ್ನ ಕುತ್ತಿಗೆಗೆ ಜೋತುಬಿದ್ದ.

"ಅಯ್ಯಯ್ಯ, ನನ್ನ ಮಾರಿ ನೋಡಿ ಅಂಜಿತಲ್ಲೇ!" ಅವ್ವ ಗಳಗಳನೆ ಅಳುತ್ತ, ನಗುತ್ತ ಬೀದಿಗೆ ಓಡಿದಳು. "ಬರ್ರಿ, ಎಲ್ಲಾರೂ ಬರ್ರಿ! ನನ್ನ ನೋಡಿ ಅಂಜೈತಿ! ಕಾಣತೈತಿ ಇದಕ್ಕ, ಕಾಣತೈತಿ!"