ಸತ್ತ ಹುಳಗಳ ಡಬ್ಬಿ

ಬೆಳಿಗ್ಗೆ ನನ್ನ ಮನೆಯ ಗೋಡೆಯಲ್ಲಿರುವ ಹುಳಗಳ ಗಾಜಿನ ಪೆಟ್ಟಿಗೆಗೆ ನುಸಿಗುಳಿಗೆ ಹಾಕುವಾಗ, ಆ ವಾಸನೆಗೆ ನಾನು ಬೆಳೆದ ಚೆಂಬೂರಿನ ದೊಡ್ಡಮ್ಮನ ಮನೆ ಕಣ್ಮುಂದೆ ಬಂತು.

ನಾನು ಒಂದು ಹುಳವನ್ನೂ ಕೊಂದವಳಲ್ಲ. ಆಗ ಬಿಲ್ಡಿಂಗಿನ ದೀಪದಡಿ ಸತ್ತು ಬಿದ್ದ ಜೀರುಂಡೆ, ಪತಂಗಗಳನ್ನು ಆಯ್ದು, ಸಿಕ್ಕ ಜಾಗದ ಚೀಟಿ ಅಂಟಿಸಿ ಸ್ವೀಟ್ ಡಬ್ಬಿಯಲ್ಲಿಡುತ್ತಿದ್ದೆ. ಅವು ಕೆಡದಿರಲೆಂದು ದೊಡ್ಡಮ್ಮನ ಸೀರೆ ಟ್ರಂಕಿನಿಂದ ಎರಡು ಗುಳಿಗೆ ಕದ್ದೆ.

"ಹೆಣ ಆಯ್ಕೊಂಡು ಬರ್ತೀಯಾ, ದರಿದ್ರದವಳೇ!" ಎಂದು ಅವರು ಡಬ್ಬಿಯನ್ನೇ ಕಚರಾ ಗಾಡಿಗೆ ಎಸೆದರು. ನಾನು ಅಳಲಿಲ್ಲ. ಟ್ರಂಕಿನಲ್ಲಿ ಉಳಿದ ಗುಳಿಗೆಗಳನ್ನೂ ತೆಗೆದು ಮೋರಿಗೆ ಹಾಕಿದೆ.

ಮಳೆಗಾಲ ಕಳೆದು ನೋಡಿದರೆ ಅವರ ಧಾರೆ ಸೀರೆ ಹುಳ ತಿಂದು ಜರಡಿಯಾಗಿತ್ತು. ಅದರ ಮಡಿಕೆಯಲ್ಲಿ ಸತ್ತಿದ್ದ ಹುಳವನ್ನು ಎತ್ತಿಟ್ಟುಕೊಂಡೆ.

ಇವತ್ತು ಸಂಜೆ ನನ್ನ ಮನೆಗೆ ಬಂದ ದೊಡ್ಡಮ್ಮ ಗಾಜಿನ ಪೆಟ್ಟಿಗೆ ನೋಡಿ, "ಇದೆಂಥದ್ದು ಮಾರಾಯ್ತಿ?" ಅಂದರು. ಈ ಪ್ರಶ್ನೆಗೇ ಇಷ್ಟು ವರ್ಷ ಕಾದಿದ್ದೆ.

"ಚೀಟಿ ಓದಿ," ಅಂದೆ.

ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದರು: "ಸಿಕ್ಕ ಜಾಗ: ದೊಡ್ಡಮ್ಮನ ಧಾರೆ ಸೀರೆ."